ಹೋಗು ಎಂದರೆ ಬರುವ ಮಷೀನು

ಸೆಪ್ಟೆಂಬರ್ ೧, ಸೋಮವಾರ

ಈ ಪುಸ್ತಕವನ್ನು ನನ್ನ ಹೊರತು ಯಾರೂ ಓದಕೂಡದು. ಓದಿದವರ ಎಡಗಿವಿಯಲ್ಲಿ ಪೊದೆಗೂದಲು ಬೆಳೆಯಲಿ.

ನನ್ನನ್ನು ಕಾಲೇಜಿನಿಂದ ಹೊರಗೆ ಹಾಕಿದ್ದಾರೆ. ಶಾಶ್ವತವಾಗಿ ಅಲ್ಲ, ದಸರಾ ರಜೆ ಮುಗಿಯುವವರೆಗೆ. ಅಪರಾಧ: ಕಾಲೇಜಿನ ಗಂಟೆಯ ನಾಲಿಗೆಗೆ ಉಣ್ಣೆಯ ಕಾಲುಚೀಲ ತೊಡಿಸಿದ್ದು. ಅದಕ್ಕೆ ಶೀತವಾಗದಿರಲಿ ಎಂಬುದೊಂದೇ ನನ್ನ ಉದ್ದೇಶ. ಗಂಟೆ ಕೇಳಿಸದೆ ಮೊದಲ ಪಿರಿಯಡ್ಡು ಮಧ್ಯಾಹ್ನದವರೆಗೂ ಮುಗಿಯದೆ, ಇತಿಹಾಸದ ಮೇಷ್ಟ್ರು ಪಾಠವೆಲ್ಲ ಖಾಲಿಯಾಗಿ, ಬೇರೆ ದಾರಿ ಕಾಣದೆ ತಮ್ಮ ಮದುವೆಯ ಕಥೆ ಶುರು ಮಾಡಿದ್ದಕ್ಕೆ ನಾನು ಹೇಗೆ ಹೊಣೆ?

ಮನೆಯ ನ್ಯಾಯಾಲಯ ಸಂಜೆ ಸೇರಿತು. ಮನೆಯವರ ಪರಿಚಯವನ್ನು ಇಲ್ಲಿ ದಾಖಲಿಸತಕ್ಕದ್ದು. ನಮ್ಮದು ಸೌದೆ ಒಲೆಯ ಬೇಕರಿ. ಅಮ್ಮ ಬ್ರೆಡ್ಡು ಬೇಯಿಸುತ್ತಾಳೆ. ಅಪ್ಪ ಸೈಕಲ್ಲಿನಲ್ಲಿ ಮನೆಮನೆಗೆ ಹಂಚುತ್ತಾನೆ. ಅಮ್ಮನ ತಮ್ಮ, ಅಂದರೆ ಮಾವ, ಹಿತ್ತಲ ಶೆಡ್ಡಿನಲ್ಲಿ ನೀರಿನ ಪಂಪು ರಿಪೇರಿ ಮಾಡುತ್ತಾನೆ, ಅಥವಾ ಹಾಗೆಂದು ನಂಬಲಾಗಿದೆ. ಅಮ್ಮನಿಗೂ ಮಾವನಿಗೂ ತಾಯಿಯಾದ ಅಜ್ಜಿ, ಒಲೆ ತಿನ್ನುವ ಸೌದೆಯನ್ನೆಲ್ಲ ಒಬ್ಬಳೇ ಸೀಳುತ್ತಾಳೆ. ನಾನು ಏನು ಮಾಡುತ್ತೇನೆ ಎಂಬುದು ಇದುವರೆಗೆ ಯಾರಿಗೂ ಗೊತ್ತಿರಲಿಲ್ಲ.

ತೀರ್ಪು ಬಂತು: ಕಾಲೇಜು ಮತ್ತೆ ಕರೆಯುವ ತನಕ ನಾನು ಅಜ್ಜಿಯ ಸೌದೆ ಸಹಾಯಕಿ.

"ಈ ಕೋತೀನಾ?" ಎಂದಳು ಅಜ್ಜಿ. "ಇದನ್ನ ಕಾಯೋಕೆ ಇನ್ನೊಬ್ಬರು ಬೇಕಲ್ಲೇ ನನಗೆ!"

ಸೆಪ್ಟೆಂಬರ್ ೩, ಬುಧವಾರ

ಸೌದೆಶಾಸ್ತ್ರದ ಮೊದಲ ಪಾಠ. ಅಜ್ಜಿ ಪ್ರತಿ ದಿಮ್ಮಿಯನ್ನೂ ಬೆರಳ ಗೆಣ್ಣಿನಿಂದ, ಪಕ್ಕದ ಮನೆಯ ಬಾಗಿಲು ತಟ್ಟುವ ಹಾಗೆ ತಟ್ಟುತ್ತಾಳೆ. ಒಳಗಿನಿಂದ ಯಾರೋ ಓಗೊಟ್ಟ ಹಾಗೆ ತಲೆ ವಾಲಿಸಿ ಕೇಳುತ್ತಾಳೆ. ಆಮೇಲೆ "ಇದು ಬಾಯಿ ಬಿಡುತ್ತೆ" ಎನ್ನುತ್ತಾಳೆ. ಇಲ್ಲವೇ, "ಇದು ಬಿಗುಮಾನದ್ದು. ಆಮೇಲೆ ನೋಡೋಣ."

ನಾನೂ ಒಂದನ್ನು ತಟ್ಟಿ, "ಮನೇಲಿ ಯಾರೂ ಇಲ್ವಂತೆ ಅಜ್ಜಿ. ಸಂಜೆ ಬರ್ಬೇಕಂತೆ" ಎಂದೆ.

"ನಿನ್ನ ತಲೆ ತಟ್ಟಿದ್ರೂ ಅದೇ ಉತ್ತರ ಬರೋದು."

ಒಂದು ಸಣ್ಣ ಘಟನೆಯೂ ನಡೆಯಿತು. ಅಜ್ಜಿ ಎತ್ತಿದ ಕೊಡಲಿ ದಿಮ್ಮಿಯ ಮೇಲೆ ಬೀಳುವ ಬದಲು ಅವಳ ಎಡಗಾಲ ಚಪ್ಪಲಿಯ ತುದಿಗೆ ಬಿತ್ತು. ಅಪ್ಪನ ಹಳೇ ಚಪ್ಪಲಿ, ಅವಳ ಕಾಲಿಗೆ ದೊಡ್ಡದು. ಹೆಬ್ಬೆರಳು ಉಳಿದದ್ದು ಆ ದೊಡ್ಡತನದಿಂದ. ಅಜ್ಜಿ ತುಂಡಾದ ತುದಿಯನ್ನು ಎತ್ತಿ ಸೌದೆ ಬುಟ್ಟಿಗೆ ಹಾಕಿ, "ಮರ ಸರೀತು" ಎಂದಳು.

ಮರ ಸರಿದಿರಲಿಲ್ಲ. ನಾನು ನೋಡುತ್ತಿದ್ದೆ.

ಸೆಪ್ಟೆಂಬರ್ ೪, ಗುರುವಾರ

ಸತ್ಯ ಹೊರಬಂದದ್ದು ನನ್ನ ಬಾಯಿಂದಲ್ಲ, ಬ್ರೆಡ್ಡಿನಿಂದ. ಚಪ್ಪಲಿಯ ತುದಿ ಸೌದೆಯ ಜೊತೆ ಒಲೆ ಸೇರಿ, ಬೆಳಗಿನ ಬ್ರೆಡ್ಡೆಲ್ಲ ಸೈಕಲ್ ಟಯರಿನ ವಾಸನೆ ಹೊಡೆಯಿತು. ಅಮ್ಮ ಒಲೆ ಕೆದಕಿ ಸುಟ್ಟ ರಬ್ಬರು ಹೊರಗೆಳೆದು, ಎಲ್ಲರ ಚಪ್ಪಲಿಗಳನ್ನೂ ಸಾಲಾಗಿ ನಿಲ್ಲಿಸಿ ವಿಚಾರಣೆ ನಡೆಸಿದಳು. ಮಧ್ಯಾಹ್ನವೇ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು.

ಎಡಗಣ್ಣಿಗೆ ಪೊರೆ ಪೂರ್ತಿ ಬಂದಿದೆಯಂತೆ, ಬಲಗಣ್ಣಿಗೂ ಹಿಡಿದಿದೆಯಂತೆ. ಆಪರೇಷನ್ ಮಾಡಬಹುದು, ಆದರೆ ಮೊದಲು ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ಅಲ್ಲಿಯವರೆಗೆ ಕೊಡಲಿ ಮುಟ್ಟಕೂಡದು. ಯಾವುದು ಎಷ್ಟು ದೂರದಲ್ಲಿದೆ ಎನ್ನುವುದು ಆ ಕಣ್ಣಿಗೆ ತಿಳಿಯುವುದಿಲ್ಲ, ಮುಂದಿನ ಸಲ ಹೋಗುವುದು ಚಪ್ಪಲಿಯಲ್ಲ, ಪಾದ.

"ಕಾಲು ನಂದು, ಕೊಡಲಿ ನಂದು. ಮಧ್ಯೆ ಡಾಕ್ಟ್ರಿಗೇನು ಕೆಲಸ?" ಎಂದಳು ಅಜ್ಜಿ.

"ಸೀಳಿದ ಸೌದೆ ತರಿಸೋಣಮ್ಮ" ಎಂದಳು ಅಮ್ಮ.

"ತರಿಸು. ಹಸಿ ಮರ ಸೇರಿಸಿ ಕೊಡ್ತಾರೆ. ನಿನ್ನ ಬ್ರೆಡ್ಡು ಕೆಮ್ಮುತ್ತೆ. ಕೂತು ತಿನ್ನೋಕೆ ನನಗೆ ಬರಲ್ಲ, ಹೇಳಿದ್ದೀನಿ."

ಆಗ ಮಾವ ಎದ್ದು ನಿಂತ. "ಅಮ್ಮ, ನಾನೊಂದು ಮಷೀನು ಮಾಡ್ತೀನಿ. ಸೌದೆ ಸೀಳೋ ಮಷೀನು. ಹೈಡ್ರಾಲಿಕ್ಕು."

ಎಲ್ಲರೂ ಮೂಲೆಯ ಬೀರುವಿನ ಕಡೆ ನೋಡಿದರು. ಕಾರಣವಿದೆ. ಮಾವ ಇದುವರೆಗೆ ತಯಾರಿಸಿದವುಗಳಲ್ಲಿ ಮುಖ್ಯವಾದದ್ದು ತಾನೇ ಬಾಗಿಲು ಮುಚ್ಚಿಕೊಳ್ಳುವ ಬೀರು. ಮುಚ್ಚಿಕೊಂಡಿತು. ಇನ್ನೂ ತೆರೆದಿಲ್ಲ. ಅಪ್ಪನ ಮದುವೆಯ ಕೋಟು ಒಳಗಿದೆ. ಕೇಳಿದರೆ ಮಾವ ಹೇಳುವುದು ಒಂದೇ ಮಾತು: "ತತ್ವ ಸರಿ ಇದೆ."

ಸೆಪ್ಟೆಂಬರ್ ೭, ಭಾನುವಾರ

ನನಗೆ ಬಡ್ತಿ. ಕೊಡಲಿ ಅಪಹರಣ ಖಾತೆಯ ಸಚಿವೆಯಾಗಿ ಅಮ್ಮ ನೇಮಿಸಿದ್ದಾಳೆ. ಮಷೀನು ಆಗುವವರೆಗೆ ದಿನವೂ ಅಜ್ಜಿಯ ಕೊಡಲಿಯನ್ನು ಬಚ್ಚಿಡುವುದು ನನ್ನ ಕರ್ತವ್ಯ. ದೇಶದಲ್ಲಿ ಎಷ್ಟು ಜನಕ್ಕೆ ಇಷ್ಟವಾದ ಕೆಲಸವೇ ಸಿಗುತ್ತದೆ?

ಮೊದಲ ದಿನ ಹಿಟ್ಟಿನ ಚೀಲದಲ್ಲಿ ಹೂತೆ. ಅಜ್ಜಿ ಬಿಳಿ ಕೊಡಲಿ ಹಿಡಿದು ಹೊರಬಂದಳು. ನಿನ್ನೆ ಅಪ್ಪನ ಹಾಸಿಗೆಯಲ್ಲಿ ಮಲಗಿಸಿ ಹೊದಿಕೆ ಹೊದಿಸಿದೆ. ಅಮ್ಮ ಅದರ ಭುಜ ಅಲುಗಿಸಿ, "ಏಳಿ, ಹೊತ್ತಾಯ್ತು, ಸೈಕಲ್ ತೆಗೀರಿ" ಎಂದಳಂತೆ. ಅಪ್ಪ ಅಷ್ಟು ಹೊತ್ತಿಗೆ ಎದ್ದು ಹಲ್ಲುಜ್ಜುತ್ತಿದ್ದ. ತನಗೂ ಕೊಡಲಿಗೂ ವ್ಯತ್ಯಾಸ ತಿಳಿಯದ ಹೆಂಡತಿಯ ಬಗ್ಗೆ ಅವನಿಗೆ ಸ್ವಲ್ಪ ನೋವಾಗಿದೆ. ಆ ನೋವಿನಲ್ಲೇ ಹೊರಡುವಾಗ "ಹೋಗ್ತೀನಿ" ಎಂದುಬಿಟ್ಟ.

"ಅಳಿಯಂದ್ರೇ!" ಎಂದಳು ಅಜ್ಜಿ ಹಿತ್ತಲಿಂದಲೇ. ನಮ್ಮ ಮನೆಯಲ್ಲಿ ಯಾರೂ ಹೋಗುವಂತಿಲ್ಲ, "ಬರ್ತೀನಿ" ಎಂದೇ ಹೋಗಬೇಕು. ಅಪ್ಪ ಬ್ರೆಡ್ಡಿನ ಪೆಟ್ಟಿಗೆ ಸಮೇತ ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಬಂದು, "ಬರ್ತೀನಿ ಅತ್ತೆ" ಎಂದು ತಿದ್ದಿ ಹೇಳಿ, ಮತ್ತೆ ಹೊರಟ.

ಇಂದು ಕೊಡಲಿ ಮಾಡಿನ ಹಂಚಿನ ಕೆಳಗಿತ್ತು. ಅದನ್ನೂ ಹುಡುಕಿದಳು.

"ಹೆಂಗೆ ಅಜ್ಜಿ?"

"ನೀನು ಬಚ್ಚಿಡುವಾಗ ನಗ್ತೀಯ. ಆ ನಗು ಎಲ್ಲಿಂದ ಬರುತ್ತೆ ಅಂತ ಕೇಳಿಸ್ಕೊಂಡ್ರೆ ಸಾಕು."

ಸೆಪ್ಟೆಂಬರ್ ೯, ಮಂಗಳವಾರ

ಗುಜರಿ ಅಂಗಡಿಗೆ ದಂಡಯಾತ್ರೆ. ಮಾವ ಸೇನಾಪತಿ, ನಾನು ಕಾಲಾಳು, ಅಜ್ಜಿ ಕರೆಯದೆ ಬಂದವಳು.

ವಶಪಡಿಸಿಕೊಂಡದ್ದು: ಮಣ್ಣು ಬಗೆಯುವ ಯಂತ್ರವೊಂದರ ಮೊಣಕೈಯಿಂದ ಬಿಚ್ಚಿದ ಸಿಲಿಂಡರು, ಕೆಡವಿದ ಕಟ್ಟಡದ ಕಬ್ಬಿಣದ ತೊಲೆ, ನೀರೆತ್ತುವ ಪಂಪಿನ ಇಂಜಿನ್ನು, ಎಣ್ಣೆ ತಳ್ಳುವ ಪಂಪು, ಎಣ್ಣೆ ತುಂಬಲು ಯಾವುದೋ ಸ್ಕೂಟರಿನ ಟ್ಯಾಂಕು, ಬೆಣೆಗಾಗಿ ರೈಲು ಹಳಿಯ ತುಂಡು. ಮರವನ್ನು ಅಳತೆಗೆ ತುಂಡರಿಸಲು ಬಡಗಿಯ ಹತ್ತಿರ ಚೈನ್ ಗರಗಸವನ್ನೂ ಎರವಲು ತಂದೆವು. ಅದು ಬಡಗಿಯ ಮುಂದೆ ಹುಲಿಯ ಹಾಗೆ ಗರ್ಜಿಸಿತು, ನಮ್ಮ ಮನೆಗೆ ಬಂದ ಮೇಲೆ ಬೆಕ್ಕಿನ ಹಾಗೆ ಕೆಮ್ಮುತ್ತಿದೆ.

ಅಜ್ಜಿ ಸಿಲಿಂಡರನ್ನೂ ಗೆಣ್ಣಿನಿಂದ ತಟ್ಟಿದಳು.

"ಅಮ್ಮಾ, ಅದು ಕಬ್ಬಿಣ. ಬಾಗಿಲಲ್ಲ" ಎಂದ ಗುಜರಿಯವನು.

"ಬಿಗುಮಾನದ್ದು" ಎಂದಳು ಅಜ್ಜಿ.

ದಾರಿಯಲ್ಲಿ ಮಾವ ತತ್ವ ವಿವರಿಸಿದ. ಇಂಜಿನ್ನು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಸಿಲಿಂಡರಿನೊಳಗಿನ ದಂಡವನ್ನು ತಳ್ಳುತ್ತದೆ, ದಂಡ ದಿಮ್ಮಿಯನ್ನು ತಳ್ಳುತ್ತದೆ, ದಿಮ್ಮಿ ಹೋಗಿ ಬೆಣೆಗೆ ಒತ್ತಿ ಸೀಳುತ್ತದೆ. ನನಗೆ ಕೂಡಲೇ ಅರ್ಥವಾಯಿತು. ಅಜ್ಜಿ ಅಮ್ಮನನ್ನು ತಳ್ಳುತ್ತಾಳೆ, ಅಮ್ಮ ಅಪ್ಪನನ್ನು ತಳ್ಳುತ್ತಾಳೆ, ಅಪ್ಪ ಸೈಕಲ್ಲನ್ನು ತಳ್ಳುತ್ತಾನೆ. ನಾವು ತಲೆತಲಾಂತರದಿಂದ ಹೈಡ್ರಾಲಿಕ್ ಜನ.

ಸೆಪ್ಟೆಂಬರ್ ೧೩, ಶನಿವಾರ

ವೆಲ್ಡಿಂಗು ಮುಗಿಯಿತು. ತೊಲೆಯ ಒಂದು ತುದಿಗೆ ಸಿಲಿಂಡರು, ಇನ್ನೊಂದು ತುದಿಗೆ ಬೆಣೆ. ರೂಪದಲ್ಲಿ ಮೊಸಳೆಗೂ ಹೊಲಿಗೆ ಯಂತ್ರಕ್ಕೂ ಹುಟ್ಟಿದ ಹಾಗಿದೆ. ಇದಕ್ಕೆ "ಮಹಾಮಹಿಮ" ಎಂದು ನಾಮಕರಣ ಮಾಡಿದ್ದೇನೆ. ಇನ್ನು ಮುಂದೆ ಬಹುವಚನದಲ್ಲೇ ಉಲ್ಲೇಖಿಸತಕ್ಕದ್ದು.

ಹೋಸ್ ಪೈಪು ಗಿಡ್ಡವಾಗಿ, ಎಣ್ಣೆ ಬಿಡುವ ಹ್ಯಾಂಡಲ್ಲು ಇಂಜಿನ್ನಿನ ಪಕ್ಕದಲ್ಲೇ ಉಳಿದಿದೆ. ದಿಮ್ಮಿ ಇಡುವ ಜಾಗ ಅಲ್ಲಿಂದ ಆಚೆ. ಒಬ್ಬರು ದಿಮ್ಮಿ ಇಡಬೇಕು, ಇನ್ನೊಬ್ಬರು ಹ್ಯಾಂಡಲ್ ಒತ್ತಬೇಕು. ಮಾವ ಇದನ್ನು "ಸಹಕಾರ ವಿನ್ಯಾಸ" ಎನ್ನುತ್ತಾನೆ. ನಿಜ ಹೆಸರು: ಅಳತೆ ತಪ್ಪು.

ಸಂಜೆ ಎಲ್ಲರೂ ಮಹಾಮಹಿಮರನ್ನು ನೋಡುತ್ತ ನಿಂತಿದ್ದಾಗ ನಾನು ಬೆಣೆಯ ಬಳಿ ಕೈಯಿಟ್ಟು "ಅಯ್ಯೋ!" ಎಂದು ಚೀರಿ, ಬೆರಳಿಗೆ ಮೊದಲೇ ಸವರಿಕೊಂಡಿದ್ದ ಕೆಂಪು ಜಾಮನ್ನು ಮೇಲೆತ್ತಿ ತೋರಿಸಿದೆ. ಮಾವ ಸುತ್ತಿಗೆ ಕೆಳಗೆ ಹಾಕಿದ. ಅಪ್ಪ ಕೂತುಬಿಟ್ಟ. ನಾನು ಬೆರಳು ನೆಕ್ಕಿ, "ಇನ್ನೂ ಸ್ವಲ್ಪ ಸಕ್ಕರೆ ಬೇಕಿತ್ತು" ಎಂದೆ. ಅಪ್ಪನಿಗೂ ನಗು ಬಂತು.

ಅಜ್ಜಿ ಮಾತ್ರ ಓಡಿಬಂದಿದ್ದಳು. ಓಡುವಾಗ ನೀರಿನ ಬಕೆಟ್ಟು ಎಡವಿದಳು. ನನ್ನ ಕೈ ಹಿಡಿದು ಕಣ್ಣಿಗೆ ತೀರಾ ಹತ್ತಿರ ತಂದು ನೋಡಿದಳು, ಮೂಸಿದಳು, ಬಿಟ್ಟಳು. ರಾತ್ರಿ ಊಟ ಮಾಡಲಿಲ್ಲ.

ಈ ಮನೆಯಲ್ಲಿ ಹಾಸ್ಯಪ್ರಜ್ಞೆ ಕಡಿಮೆಯಾಗುತ್ತಿದೆ.

ಸೆಪ್ಟೆಂಬರ್ ೧೮, ಗುರುವಾರ

ಮಹಾಮಹಿಮರ ಮೊದಲ ಪರೀಕ್ಷೆ. ಇಂಜಿನ್ನು ಹೊತ್ತಿಕೊಂಡಿತು. ಮಾವ ಹ್ಯಾಂಡಲ್ ಒತ್ತಿದ. ಮಹಾಮಹಿಮರು ಒಂದು ಕ್ಷಣ ಯೋಚಿಸಿ, ಪೈಪಿನ ಸಂದಿಯಿಂದ ಎಣ್ಣೆಯನ್ನು ಕಾರಂಜಿಯಂತೆ ಚಿಮ್ಮಿಸಿ, ಅಮ್ಮ ಒಗೆದು ಒಣಹಾಕಿದ್ದ ಬೇಕರಿಯ ಬಟ್ಟೆಗಳಿಗೆಲ್ಲ ಅಭ್ಯಂಜನ ಮಾಡಿಸಿದರು.

"ತತ್ವ ಸರಿ ಇದೆ" ಎಂದ ಮಾವ, ಹುಬ್ಬಿನಿಂದ ಎಣ್ಣೆ ತೊಟ್ಟಿಕ್ಕುತ್ತ.

"ತತ್ವವನ್ನ ನೀನೇ ಒಗಿ" ಎಂದಳು ಅಮ್ಮ.

ಸೀಳಿದ ಸೌದೆಯ ರಾಶಿ ಸಣ್ಣದಾಗುತ್ತಿದೆ. ಅಜ್ಜಿ ಇವತ್ತು ನಾನಿಲ್ಲದ ಹೊತ್ತು ನೋಡಿ, ಹಳೇ ಪೆಟ್ಟಿಗೆಯೊಳಗಿದ್ದ ಕೊಡಲಿ ಹುಡುಕಿ, ಒಂದಷ್ಟು ಸೀಳಿಬಿಟ್ಟಿದ್ದಾಳೆ. ತಿಳಿದ ಕೂಡಲೇ ಹೋಗಿ ಅವಳ ಕಾಲು ನೋಡಿದೆ. ಎರಡೂ ಇದ್ದವು. ಆದರೆ ಸೌದೆ ಇಟ್ಟು ಸೀಳುವ ಕೊರಡಿನ ಅಂಚಿನಲ್ಲಿ ಮೂರು ಹೊಸ ಗಾಯ ಬಿದ್ದಿವೆ. ನಾಳೆಯಿಂದ ನಗದೆ ಬಚ್ಚಿಡಬೇಕು.

ಸೆಪ್ಟೆಂಬರ್ ೨೨, ಸೋಮವಾರ

ಚರಿತ್ರಾರ್ಹ ದಿನ!

ಮಾವ ಪೈಪುಗಳನ್ನೆಲ್ಲ ಬಿಚ್ಚಿ, ಬಿಳಿ ಟೇಪು ಸುತ್ತಿ, ಹಲ್ಲು ಕಚ್ಚಿ ಬಿಗಿದ. ನಾನು ಹ್ಯಾಂಡಲ್ಲಿನ ಎರಡು ಬದಿಗೆ ಬಣ್ಣದಲ್ಲಿ ದೊಡ್ಡದಾಗಿ ಬರೆದೆ. ಮುಂದೆ "ಹೋಗು", ಹಿಂದೆ "ಬಾ". ಹೋಗು ಎಂದರೆ ದಂಡ ಬೆಣೆಯ ಕಡೆ ಹೋಗಬೇಕು, ಬಾ ಎಂದರೆ ಹಿಂದೆ ಬರಬೇಕು. ಅಕ್ಷರ ಚೆಂದ ಬಂದಿದೆ.

ದಿಮ್ಮಿ ಇಟ್ಟೆವು. ಮಾವ ಹ್ಯಾಂಡಲ್ಲನ್ನು "ಹೋಗು" ಕಡೆಗೆ ಒತ್ತಿದ. ದಂಡ ಅಲ್ಲಾಡಲಿಲ್ಲ. ಇನ್ನೂ ಒತ್ತಿದ. ಇಂಜಿನ್ನು ಮುಲುಗಿತು, ದಂಡ ಜಪ್ಪಯ್ಯ ಎನ್ನಲಿಲ್ಲ. ಬೇಸತ್ತು "ಬಾ" ಕಡೆಗೆ ಎಳೆದ. ಮಹಾಮಹಿಮರು ಹೊರಟರು! ಊಟ ಮುಗಿಸಿದ ಗುಮಾಸ್ತ ಕಡತದ ಕಡೆ ನಡೆಯುವ ವೇಗದಲ್ಲಿ. ದಿಮ್ಮಿ ಬೆಣೆಗೆ ತಗುಲಿತು, ಕಿರ್ ಎಂದಿತು, ಆಮೇಲೆ ಪಟಾರೆಂದು ಎರಡಾಯಿತು.

ನಾವೆಲ್ಲ ಕುಣಿದೆವು. ಮಾವ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತ. "ಪೈಪು ಅದಲುಬದಲಾಗಿದೆ. ಹೋಗು ಅಂದ್ರೆ ಬರುತ್ತೆ, ಬಾ ಅಂದ್ರೆ ಹೋಗುತ್ತೆ. ಎಲ್ಲಾ ಬಿಚ್ಚಬೇಕು."

"ಮತ್ತೆ ಬಿಚ್ಚಿದ್ರೆ ಮತ್ತೆ ಸೋರುತ್ತೆ" ಎಂದ ಅಪ್ಪ.

"ನಾನು ಅಕ್ಷರ ಅಳಿಸಿ ಬರೀತೀನಿ" ಎಂದೆ.

"ಯಾಕೆ?" ಎಂದಳು ಅಜ್ಜಿ. ಇಷ್ಟು ದಿನ ಮಷೀನಿನ ಹತ್ತಿರವೂ ಸುಳಿಯದವಳು ಬಂದು ಹ್ಯಾಂಡಲ್ ಮುಟ್ಟಿದಳು. ಬೆರಳಿನಿಂದ ಬಣ್ಣದ ಅಕ್ಷರ ತಡವಿದಳು. "ಹೋಗೋವಾಗ ಬರ್ತೀನಿ ಅನ್ನುತ್ತೆ. ಅಷ್ಟೇ ತಾನೆ? ನಮ್ಮನೇಲಿ ಹುಟ್ಟಿದ್ದು, ಮನೆ ಮಾತು ಕಲ್ತಿದೆ. ಈ ಅಳಿಯಂದ್ರಿಗಿಂತ ಬೇಗ ಕಲ್ತಿದೆ. ಬಿಡ್ರೋ."

ಅಕ್ಷರ ಹಾಗೇ ಇರಲಿ ಎಂದು ಸಭೆ ತೀರ್ಮಾನಿಸಿತು. ಅಪ್ಪ ತಟಸ್ಥ.

ಸೆಪ್ಟೆಂಬರ್ ೨೪, ಬುಧವಾರ

ಮಷೀನು ಬಂದರೂ ಅಜ್ಜಿ ಕೊಡಲಿ ಬಿಟ್ಟಿಲ್ಲ. "ಅದು ಅದರ ಪಾಡಿಗೆ, ನಾನು ನನ್ನ ಪಾಡಿಗೆ" ಎನ್ನುತ್ತಾಳೆ. ಆದ್ದರಿಂದ ಇಂದು ನನ್ನ ವೃತ್ತಿಜೀವನದ ಅತ್ಯುತ್ತಮ ತಮಾಷೆಗೆ ಕೈಹಾಕಿದೆ: ಕೊಡಲಿಯನ್ನು ಬಚ್ಚಿಡಲೇ ಇಲ್ಲ. ಶೆಡ್ಡಿನ ಗೋಡೆಯಲ್ಲಿ, ಅದು ಇಷ್ಟು ವರ್ಷ ತೂಗುತ್ತಿದ್ದ ಅದೇ ಮೊಳೆಗೆ ತೂಗುಹಾಕಿದೆ. ಅಟ್ಟ ಹತ್ತಿ, ಚೀಲ ಬಿಚ್ಚಿ, ಹಾಸಿಗೆ ಕೊಡವಿ, ಸುಸ್ತಾಗಿ ಬಂದು ಇಲ್ಲಿ ನೋಡಿದಾಗ ಅವಳ ಮುಖ ಹೇಗಾಗುತ್ತದೆಂದು ನೋಡಲು ಮರದ ರಾಶಿಯ ಹಿಂದೆ ಕೂತೆ.

ಅಜ್ಜಿ ಶೆಡ್ಡಿಗೇ ಮೊದಲು ಬಂದಳು. ಮೊಳೆಯ ಮುಂದೆ ಹಾದುಹೋದಳು. ತಿರುಗಿ ಬಂದಳು. ಮತ್ತೆ ಹಾದುಹೋದಳು. ಒಂದು ಸಲ ಎಷ್ಟು ಹತ್ತಿರ ನಿಂತಳೆಂದರೆ ಕೊಡಲಿಯ ಹಿಡಿ ಅವಳ ಭುಜಕ್ಕೆ ತಗುಲುವುದರಲ್ಲಿತ್ತು.

ಆಮೇಲೆ ಗಾಳಿಗೆ ಹೇಳಿದಳು: "ಇವತ್ತು ಚೆನ್ನಾಗಿ ಬಚ್ಚಿಟ್ಟಿದ್ದೀಯ ಕಣೇ. ನಗೂನೂ ಕೇಳಿಸ್ತಿಲ್ಲ."

ನಾನು ನಗುತ್ತಿರಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಕೊಡಲಿ ಮೊಳೆಯಲ್ಲೇ ಇದೆ. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಸೆಪ್ಟೆಂಬರ್ ೨೭, ಶನಿವಾರ

ಅಜ್ಜಿಗೆ ಒಂದು ಕೆಲಸ ಬೇಕು. ಇಲ್ಲದಿದ್ದರೆ ಅವಳು ಕೈಯಿಂದ ತಡವಿಯಾದರೂ ಕೊಡಲಿ ಹುಡುಕುತ್ತಾಳೆ. ಆದ್ದರಿಂದ ನಾನೇ ಹೇಳಿದೆ: "ಅಜ್ಜಿ, ನಾನು ದಿಮ್ಮಿ ಇಡ್ತೀನಿ. ಹ್ಯಾಂಡಲ್ ನೀನು ಹಿಡಿ."

ಅವಳ ಮುಖ ಅರಳಿತು. ಹ್ಯಾಂಡಲ್ ಹಿಡಿದಳು. ನಾನು ದಿಮ್ಮಿ ಇಟ್ಟು, ಕೈ ತೆಗೆದು, "ಹಾಂ, ಕೈ ತೆಗ್ದೆ" ಎಂದೆ.

ಅಜ್ಜಿ ಎಳೆಯಲಿಲ್ಲ.

"ತೆಗ್ದೆ ಅಜ್ಜಿ, ಎಳಿ."

ಅವಳು ಹ್ಯಾಂಡಲ್ ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ನನ್ನಿಂದ ಆಗಲ್ಲ."

"ಯಾಕೆ?"

"ಅಲ್ಲಿ ನಿನ್ನ ಕೈ ಇದೆಯೋ ಇಲ್ವೋ ನನಗೆ ಕಾಣಲ್ಲ." ಇಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು. "ನೀನು ಹೇಳಿದ್ದನ್ನ ನಂಬಿ ಎಳೀಬೇಕು. ನೀನು... ಜಾಮು ಹಚ್ಕೊಂಡು ಚೀರ್ತೀಯ. ತೆಗ್ದೆ ಅಂದಾಗ ತೆಗ್ದಿರ್ತೀಯ ಅಂತ ಹೆಂಗೆ ತಿಳೀಲೇ? ನಾಳೆ ನಿಜವಾಗ್ಲೂ ಚೀರಿದ್ರೆ, ಇದೂ ಆಟ ಅಂದ್ಕೊಂಡು ಎಳೀತಾನೇ ಇದ್ರೆ?"

ಅದಕ್ಕೆ ನನ್ನ ಬಳಿ ತಮಾಷೆಯ ಉತ್ತರ ಇರಲೇಬೇಕಿತ್ತು. ಸಂಜೆವರೆಗೂ ಹುಡುಕಿದೆ.

ಸೆಪ್ಟೆಂಬರ್ ೨೯, ಸೋಮವಾರ

ಮಾತು ಸಾಲದಿದ್ದರೆ ಸದ್ದು ಬೇಕು. ಎರಡು ಕೈಗೆ ಎರಡು ಸದ್ದು. ನಿನ್ನೆ ಹಿಟ್ಟು ನಾದುವಾಗ ಹೊಳೆಯಿತು.

ಮಹಾಮಹಿಮರಿಂದ ಒಂದು ಮಾರು ದೂರದಲ್ಲಿ ಎರಡು ಕಂಬ ನೆಟ್ಟಿದ್ದೇನೆ. ಎಡಗಂಬಕ್ಕೆ ಬೇಕರಿಯ ಮೇಜಿನ ಮೇಲಿದ್ದ ಕರೆಗಂಟೆ, ಬಲಗಂಬಕ್ಕೆ ಅಪ್ಪನ ಸೈಕಲ್ ಬೆಲ್ಲು. ಕಂಬಗಳ ನಡುವೆ ಎಷ್ಟು ಅಂತರವೆಂದರೆ, ಎರಡನ್ನೂ ಒಟ್ಟಿಗೆ ಬಾರಿಸಬೇಕಾದರೆ ಎರಡೂ ತೋಳು ಚಾಚಲೇಬೇಕು. ಒಂದು ಕೈಯಲ್ಲಿ ಮೋಸ ಮಾಡಲು ಆಗದು. ಪ್ರಯತ್ನಿಸಿ ನೋಡಿದ್ದೇನೆ. ಮೋಸ ಮಾಡುವುದರಲ್ಲಿ ನನಗಿಂತ ಅನುಭವಿ ಈ ಬೀದಿಯಲ್ಲಿ ಇಲ್ಲ.

ಗಂಟೆಗೆ ಕಾಲುಚೀಲ ಹಾಕಿ ಶಿಕ್ಷೆ ಉಂಡವಳು ಗಂಟೆ ಕಟ್ಟುತ್ತಿರುವುದನ್ನು ಪ್ರಿನ್ಸಿಪಾಲರು ನೋಡಬೇಕಿತ್ತು.

"ಅಜ್ಜಿ, ಟಿಂಗ್ ಮತ್ತು ಟ್ರಿಣ್ ಎರಡೂ ಕೇಳ್ತಾ ಇದ್ರೆ ಮಾತ್ರ ಎಳಿ. ಒಂದು ನಿಂತ್ರೂ ಕೈ ಬಿಡು."

ದಿಮ್ಮಿ ಇಟ್ಟೆ. ಹಿಂದೆ ಸರಿದೆ. ಟಿಂಗ್ ಟಿಂಗ್ ಟ್ರಿಣ್ ಟ್ರಿಣ್. ಅಜ್ಜಿ ತಲೆ ವಾಲಿಸಿ, ದಿಮ್ಮಿ ತಟ್ಟಿದಾಗ ಕೇಳುವ ಹಾಗೆ ಕೇಳಿದಳು.

"ಬರ್ಲಾ?" ಎಂದಳು.

"ಬಾ ಅಜ್ಜಿ!"

ಎಳೆದಳು. ಮಹಾಮಹಿಮರು ನಡೆದರು. ಇಂಜಿನ್ನಿನ ಸದ್ದು ದಪ್ಪಗಾಯಿತು. "ಉಸಿರು ಹಿಡಿದಿದೆ, ಈಗ ಬಿಡುತ್ತೆ ನೋಡು" ಎಂದಳು ಅಜ್ಜಿ. ದಿಮ್ಮಿ ಪಟಾರೆಂದಿತು. ಹೊತ್ತು ಮುಳುಗುವವರೆಗೆ ಸೀಳಿದೆವು. ನನ್ನ ತೋಳು ಕಿತ್ತು ಬರುತ್ತಿದೆ, ಕಿವಿಯಲ್ಲಿ ಇನ್ನೂ ಟ್ರಿಣ್.

ಒಂದು ಆನುಷಂಗಿಕ ಹಾನಿ: ಬೆಲ್ಲಿಲ್ಲದ ಅಪ್ಪ ಬೀದಿಬೀದಿಯಲ್ಲಿ ಬಾಯಿಂದಲೇ "ಟ್ರಿಣ್ ಟ್ರಿಣ್" ಎನ್ನುತ್ತ ಬ್ರೆಡ್ಡು ಹಂಚುತ್ತಿದ್ದಾನೆ. ವ್ಯಾಪಾರ ಜಾಸ್ತಿಯಾಗಿದೆಯಂತೆ.

ಅಕ್ಟೋಬರ್ ೫, ಭಾನುವಾರ

ಸೌದೆ. ಸೌದೆ. ಸೌದೆ. ಬರೆಯಲು ಬೆರಳು ಮಡಿಸಲಾಗುತ್ತಿಲ್ಲ.

ಮಾವ ಇವತ್ತು ಒಂದು ದಪ್ಪ ದಿಮ್ಮಿ ಹೊತ್ತು ತಂದು ತೊಲೆಯ ಮೇಲೆ ಇಡಹೊರಟ. ನಾನು ಗೆಣ್ಣಿನಿಂದ ಒಂದು ಸಲ ತಟ್ಟಿ, "ಬೇಡ ಮಾವ, ಇದು ಬಿಗುಮಾನದ್ದು, ಆಮೇಲೆ ನೋಡೋಣ" ಎಂದೆ. ಮಾವ ನನ್ನನ್ನೇ ದಿಟ್ಟಿಸುತ್ತ ನಿಂತ. ಯಾಕೋ ತಿಳಿಯದು. ಮುಖಕ್ಕೆ ಏನಾದರೂ ಮೆತ್ತಿಕೊಂಡಿತ್ತೇನೋ.

ಅಮ್ಮ ಅಜ್ಜಿಯ ಚಹಾಕ್ಕೆ ಸಕ್ಕರೆ ನಿಲ್ಲಿಸಿದ್ದಾಳೆ. ಅಜ್ಜಿ ಬನ್ನು ಕದಿಯದಂತೆ ಕಾಯುವ ಖಾತೆಯೂ ನನಗೇ ಬಂದಿದೆ. ಹಿಂದೆ ಆ ಬನ್ನುಗಳನ್ನು ಕದಿಯುತ್ತಿದ್ದವಳು ನಾನು.

ಅಕ್ಟೋಬರ್ ೧೧, ಶನಿವಾರ

ಸಕ್ಕರೆ ಇಳಿದಿದೆ. ಮಂಗಳವಾರ ಎಡಗಣ್ಣಿನ ಆಪರೇಷನ್.

ಕಾಲೇಜಿನಿಂದಲೂ ಕರೆ ಬಂದಿದೆ, ಸೋಮವಾರದಿಂದ ಬರಬಹುದಂತೆ. ಬುಧವಾರ ಬರುತ್ತೇನೆ ಎಂದು ಹೇಳಿ ಕಳಿಸಿದೆ. ಮನೆಯಲ್ಲಿ ಕೆಲಸವಿದೆ.

ಸಂಜೆ ಅಜ್ಜಿ ಹ್ಯಾಂಡಲ್ ಹಿಡಿದು ನಿಂತವಳು, "ಬಿಡೇ ಆ ಗಂಟೆ. ತೋಳು ನೋಯುತ್ತೆ ನಿನಗೆ. ಕೈ ತೆಗ್ದೆ ಅನ್ನು, ಸಾಕು" ಎಂದಳು.

"ಸಾಲದು ಅಜ್ಜಿ."

"ನಾನು ನಂಬ್ತೀನಿ ಅಂದ್ನಲ್ಲೇ."

"ನೀನು ನಂಬಬಹುದು. ಇವರು ಮಹಾಮಹಿಮರು, ಇವರಿಗೆ ನಂಬಿಕೆ ಗಿಂಬಿಕೆ ಇಲ್ಲ. ನಿಯಮ ಅಂದ್ರೆ ನಿಯಮ." ಎರಡೂ ಬಾರಿಸಿದೆ.

ಅಜ್ಜಿಗೆ ಎಷ್ಟು ನಗು ಬಂತೆಂದರೆ ಹ್ಯಾಂಡಲ್ ಎಳೆಯಲಾಗದೆ ಕೂತುಬಿಟ್ಟಳು. ಏನು ತಮಾಷೆ ಮಾಡಿದೆನೋ ನನಗೆ ಹೊಳೆಯಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಬೆಳಿಗ್ಗೆ ಆಸ್ಪತ್ರೆಗೆ. ಅಮ್ಮ ಒಲೆ ಆರಿಸಿದ್ದಳು. ನನಗೆ ನೆನಪಿರುವಂತೆ ಮೊದಲ ಸಲ.

ಆಪರೇಷನ್ ಕೋಣೆಯ ಬಾಗಿಲವರೆಗೆ ನನ್ನನ್ನು ಬಿಟ್ಟರು. ಅಜ್ಜಿ ಹಸಿರು ಟೋಪಿ ಹಾಕಿಕೊಂಡು ತಳ್ಳುಮಂಚದ ಮೇಲೆ ಸೊಪ್ಪಿನ ಕಟ್ಟಿನ ಹಾಗೆ ಮಲಗಿದ್ದಳು. ನರ್ಸು ಮಂಚ ತಳ್ಳಲು ಹಿಡಿದಾಗ ಅಜ್ಜಿ ಸೂರಿನ ಕಡೆ ನೋಡುತ್ತ ಕೇಳಿದಳು:

"ಬರ್ಲಾ?"

ಅಲ್ಲಿ ಗಂಟೆಯಿರಲಿಲ್ಲ. ನಾನು ಎರಡೂ ಕೈ ಮೇಲೆತ್ತಿದೆ. ಏನು ಪ್ರಯೋಜನ, ಅವಳಿಗೆ ಕಾಣುವಂತಿಲ್ಲ.

"ಕೈ ತೆಗ್ದಿದ್ದೀನಿ ಅಜ್ಜಿ."

"ಎರಡೂ?"

"ಎರಡೂ. ಬಾ."

"ಸರಿ" ಎಂದಳು. ನರ್ಸಿಗೆ, "ತಳ್ಳಮ್ಮ, ಅವಳು ಹೇಳಿದ ಮೇಲೆ ಆಯ್ತು" ಎಂದಳು.

ಬಾಗಿಲು ಮುಚ್ಚಿದ ಮೇಲೂ ಕೈ ಕೆಳಗಿಳಿಸಲು ನನಗೆ ನೆನಪಾಗಲಿಲ್ಲ. ಪಕ್ಕಕ್ಕೆ ತಿರುಗಿದರೆ ಮಾವನೂ ಎರಡು ಕೈ ಎತ್ತಿ ನಿಂತಿದ್ದ. ಅಪ್ಪನೂ. ದಾರಿಯಲ್ಲಿ ಬರುತ್ತಿದ್ದ ವಾರ್ಡ್ ಬಾಯ್ ಒಬ್ಬ ನಮ್ಮನ್ನು ನೋಡಿ, ಗಾಬರಿಯಿಂದ ತಾನೂ ಎತ್ತಿದ.

ಅಕ್ಟೋಬರ್ ೧೯, ಭಾನುವಾರ

ಕಪ್ಪು ಕನ್ನಡಕದ ಅಜ್ಜಿ ಇವತ್ತು ಮೊದಲ ಸಲ ಹಿತ್ತಲಿಗೆ ಬಂದಳು. ಸಿನಿಮಾದ ಕಳ್ಳಸಾಗಣೆ ದೊರೆಯ ತಾಯಿಯ ಹಾಗಿದ್ದಳು. ನೇರ ಶೆಡ್ಡಿಗೆ ಹೋದಳು. ಕನ್ನಡಕ ಸ್ವಲ್ಪ ಎತ್ತಿ, ಮೊಳೆಯ ಮೇಲಿನ ಕೊಡಲಿಯನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಇಷ್ಟು ದಿನ ಇದನ್ನ ಎಲ್ಲಿಟ್ಟಿದ್ದೆ?"

"ಅಟ್ಟದ ಮೇಲೆ" ಎಂದೆ. "ಖಾಲಿ ಚೀಲಗಳ ಹಿಂದೆ. ನಿನ್ನೆ ತಂದು ತೂಗುಹಾಕಿದೆ."

ಅಜ್ಜಿ ಬೆರಳು ಚಾಚಿದಳು. ಕೊಡಲಿಯ ಹಿಡಿಯಿಂದ ಗೋಡೆಯವರೆಗೆ ಜೇಡರ ಬಲೆಯೊಂದು ಹಬ್ಬಿತ್ತು. ಕೂದಲಿಗಿಂತ ತೆಳ್ಳಗಿನ ಎಳೆ, ಅದರ ಮೇಲೆ ವಾರಗಟ್ಟಲೆಯ ಹಿಟ್ಟಿನ ಧೂಳು. ನನಗೇ ಇದುವರೆಗೆ ಕಂಡಿರಲಿಲ್ಲ.

"ಜೇಡಕ್ಕೂ ಸುಳ್ಳು ಹೇಳೋದು ಕಲಿಸಿಕೊಟ್ಟಿದ್ದೀಯೇನೇ?"

ಅಜ್ಜಿ ಬೆರಳು ಬಲೆಗೆ ತಗುಲುವ ಮೊದಲೇ ಹಿಂದೆಗೆದುಕೊಂಡು, "ಇರ್ಲಿ ಬಿಡು. ಮನೆ ಮಾಡ್ಕೊಂಡಿದೆ, ಎಬ್ಬಿಸೋದು ಯಾಕೆ" ಎಂದಳು. ಆಮೇಲೆ ಹೊರಗೆ ಹೋಗಿ ಮಹಾಮಹಿಮರ ಪಕ್ಕದ ಸ್ಟೂಲಿನ ಮೇಲೆ ಕೂತಳು. ಡಾಕ್ಟರು ಇನ್ನೂ ಒಪ್ಪಿಲ್ಲವಾದ್ದರಿಂದ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟಳು, ಎಳೆಯಲಿಲ್ಲ. ಅಕ್ಷರ ಓದಿದಳು. "ಕೋತಿ. 'ಬಾ' ಸೊಟ್ಟಗೆ ಬರೆದಿದ್ದೀಯ."

"ತತ್ವ ಸರಿ ಇದೆ" ಎಂದೆ.

ನಾಳೆ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಕಂಬದ ಸೈಕಲ್ ಬೆಲ್ಲಿಗೆ ಎಣ್ಣೆ ಹಾಕಬೇಕು. ಟ್ರಿಣ್ ಸ್ವಲ್ಪ ತಡವಾಗಿ ಬರುತ್ತಿದೆ.